ಬೇಲಿಯೇ ಎದ್ದು ಹೊಲ ಮೇಯ್ದ ಕಲ್ಲಿನ ಊರು

ಜಿಂಬಾಬ್ವೆ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಏನು ಹೇಳಿ? ಕ್ರಿಕೆಟ್ಟು. 1983ರ ವಿಶ್ವಕಪ್‌ನಲ್ಲಿ 17 ರನ್ನಿಗೆ 5 ವಿಕೆಟ್ ಬಿದ್ದ ಪಂದ್ಯದಲ್ಲಿ ಕಪಿಲ್ ದೇವ್ ಹೊಡೆದ ಆ 175. ಅದು ಬಿಟ್ಟರೆ ರಾಬರ್ಟ್ ಮುಗಾಬೆ. ಅದೂ ಬಿಟ್ಟರೆ ನೂರು ಲಕ್ಷ ಕೋಟಿ ಡಾಲರಿನ ಒಂದೇ ನೋಟು. ನಮ್ಮ ಮಟ್ಟಿಗೆ ಆ ದೇಶದ ಕಥೆ ಅಲ್ಲಿಗೆ ಮುಗೀತು.

ಆದರೆ ಆ ದೇಶದ ಬಾವುಟವನ್ನು ಯಾವತ್ತಾದ್ರೂ ಸರಿಯಾಗಿ ನೋಡಿದ್ದೀರಾ? ಹಸಿರು, ಹಳದಿ, ಕೆಂಪು, ಕಪ್ಪು ಪಟ್ಟಿಗಳು. ಒಂದು ಬದಿಗೆ ಬಿಳಿ ತ್ರಿಕೋನ, ಅದರೊಳಗೆ ಕೆಂಪು ನಕ್ಷತ್ರ. ನಕ್ಷತ್ರದ ಮೇಲೆ ಒಂದು ಹಕ್ಕಿ ಕೂತಿದೆ. ಅದು ಯಾರೋ ಕಲಾವಿದ ಕೂತು ಬರೆದ ಹಕ್ಕಿ ಅಲ್ಲ. ಕಲ್ಲಿನ ಹಕ್ಕಿ. ಒಂದು ಪಾಳುಬಿದ್ದ ಊರಿನಿಂದ ಕಿತ್ತುಕೊಂಡು ಹೋಗಿ, ಪರದೇಶದ ಬಂಗಲೆಗಳಲ್ಲಿ, ಮ್ಯೂಸಿಯಂಗಳಲ್ಲಿ ಇಟ್ಟುಕೊಂಡಿದ್ದ ಹಕ್ಕಿ. ಆ ಊರಿನ ಕಥೆಯನ್ನೇ ನಾನಿವತ್ತು ಹೇಳಬೇಕು ಅಂತ ಕೂತಿರೋದು.

ಈ ವಿಷಯ ನನ್ನ ತಲೆಗೆ ಬಂದದ್ದು ಹೇಗೆ ಅನ್ನೋದನ್ನೂ ಹೇಳಿಬಿಡ್ತೀನಿ. ಪ್ರತಿವರ್ಷ ಏಪ್ರಿಲ್ 18 ವಿಶ್ವ ಪರಂಪರೆ ದಿನ. ನಮ್ಮಂಥ ಚಾನೆಲ್‌ಗಳಲ್ಲಿ ಅವತ್ತು ಏನು ಮಾಡ್ತೀವಿ? ಹಂಪಿಯ ಕಲ್ಲಿನ ರಥದ ಹಳೇ ಶಾಟ್‌ಗಳನ್ನು ಹುಡುಕಿ, ಅದಕ್ಕೊಂದು ವೀಣೆಯ ಮ್ಯೂಸಿಕ್ ಹಾಕಿ, ಎರಡು ನಿಮಿಷದ ಸ್ಟೋರಿ ಮಾಡಿ ಕೈ ತೊಳ್ಕೋತೀವಿ. ಒಂದು ವರ್ಷ ಡೆಸ್ಕಿನ ಹುಡುಗನಿಗೆ, "ಹಂಪಿ ಯಾವ ವರ್ಷ ಯುನೆಸ್ಕೊ ಪಟ್ಟಿಗೆ ಸೇರಿದ್ದು ನೋಡಪ್ಪಾ" ಅಂದೆ. ಅವನು 1986ರ ಇಡೀ ಪಟ್ಟಿಯನ್ನೇ ಪ್ರಿಂಟ್ ತೆಗೆದುಕೊಂಡು ಬಂದ. ನಮ್ಮ ಹಂಪಿಯ ಜೊತೆಗೆ, ಅದೇ ವರ್ಷ, ಅದೇ ಪಟ್ಟಿಗೆ ಸೇರಿದ ಇನ್ನೊಂದು ಹೆಸರು ಅಲ್ಲಿತ್ತು. ಗ್ರೇಟ್ ಜಿಂಬಾಬ್ವೆ.

"ಇದೇನು ಸರ್, ದೇಶಾನೇ ಪಟ್ಟಿಗೆ ಸೇರಿಸಿಬಿಟ್ಟಿದ್ದಾರೆ?" ಅಂದ ಹುಡುಗ. ಹೋಗಿ ಓದ್ಕೊಂಡು ಬಾ ಅಂತ ಕಳಿಸಿದೆ. ಅರ್ಧ ಗಂಟೆಯಲ್ಲಿ ಪ್ರೋಮೋ ಸಮೇತ ಬಂದ. "ಕಾಡಿನ ನಡುವೆ ನಿಗೂಢ ನಗರ! ಕಟ್ಟಿದವರು ಯಾರು? ಅನ್ಯಗ್ರಹ ಜೀವಿಗಳಾ?"

ನಾನು ಅವನನ್ನು ಬೈಯಲಿಲ್ಲ. ಬೈಯೋ ಮುಖ ನನಗೆ ಇರಲೂ ಇಲ್ಲ. ಪಿರಮಿಡ್ಡುಗಳ ಬಗ್ಗೆ ಅದೇ ತರಹದ ಕಾರ್ಯಕ್ರಮವನ್ನು ಹಿಂದೊಮ್ಮೆ ನಾನೇ ಕೋಟು ಹಾಕ್ಕೊಂಡು ನಿಂತು ನಡೆಸಿಕೊಟ್ಟಿದ್ದೆ. ಒಳ್ಳೇ ಟಿಆರ್‌ಪಿ ಬಂದಿತ್ತು. ಅವತ್ತು ಮಾತ್ರ ಆ ಪ್ರಶ್ನೆ ಕಣ್ಣಿಗೆ ಚುಚ್ಚಿತು. ಯಾಕೆ ಅಂದ್ರೆ, "ಇದನ್ನು ಇಲ್ಲಿಯವರು ಕಟ್ಟಿರೋಕೆ ಸಾಧ್ಯವೇ ಇಲ್ಲ, ಬೇರೆ ಯಾರೋ ಕಟ್ಟಿರಬೇಕು" ಅನ್ನುವ ಒಂದೇ ಒಂದು ಅನುಮಾನ ಆ ಊರಿಗೆ ಮಾಡಿದ ಹಾನಿಯನ್ನು ಬಿಸಿಲು, ಮಳೆ, ಬೆಂಕಿ ಯಾವುದೂ ಮಾಡಿಲ್ಲ.

ಮೊದಲು ಊರನ್ನು ನೋಡೋಣ ಬನ್ನಿ. ಜಿಂಬಾಬ್ವೆ ದೇಶದ ದಕ್ಷಿಣ ಭಾಗದಲ್ಲಿ ಮಸ್ವಿಂಗೊ ಅನ್ನೋ ಪಟ್ಟಣ ಇದೆ. ಅಲ್ಲಿಂದ ಸುಮಾರು 30 ಕಿಲೋಮೀಟರ್ ಹೋದರೆ ಬಂಡೆಗಳಿಂದ ತುಂಬಿದ ಒಂದು ಗುಡ್ಡ. ಗುಡ್ಡದ ಮೇಲೆ ಬಂಡೆ-ಬಂಡೆಗಳ ನಡುವೆ ಕಲ್ಲಿನ ಗೋಡೆಗಳು. ಕೆಳಗೆ ಬಯಲಿನಲ್ಲಿ ಒಂದು ಭಾರೀ ದುಂಡನೆಯ ಆವರಣ, ಅದಕ್ಕೆ ಮಹಾ ಆವರಣ ಅಂತಲೇ ಹೆಸರು. ಇವೆರಡರ ನಡುವಿನ ಕಣಿವೆಯಲ್ಲಿ ಇನ್ನಷ್ಟು ಗೋಡೆಗಳು. ಒಟ್ಟು 700 ಹೆಕ್ಟೇರಿಗೂ ಮಿಕ್ಕಿದ ಜಾಗ. ಕಟ್ಟಿದ್ದು ಸುಮಾರು 1100ರಿಂದ 1450ರ ನಡುವೆ. ಅಂದರೆ ಇತ್ತ ಹೊಯ್ಸಳರು ಬೇಲೂರು, ಹಳೇಬೀಡು ಕಟ್ಟಿ, ಅವರು ಹೋಗಿ, ವಿಜಯನಗರ ತಲೆ ಎತ್ತಿ ನಿಂತ ಕಾಲ.

ಆ ಮಹಾ ಆವರಣದ ಹೊರಗೋಡೆ ಇದೆಯಲ್ಲ, ಅದರ ಸುತ್ತಳತೆ ಸುಮಾರು 250 ಮೀಟರ್. ಎತ್ತರ ಕೆಲವು ಕಡೆ 11 ಮೀಟರ್. ನಮ್ಮ ಲೆಕ್ಕದಲ್ಲಿ ಮೂರು ಅಂತಸ್ತಿನ ಕಟ್ಟಡ ಅಂದುಕೊಳ್ಳಿ. ಬುಡದಲ್ಲಿ ದಪ್ಪ ಐದು ಮೀಟರಿನಷ್ಟು. ಲಕ್ಷ ಲಕ್ಷ ಗ್ರಾನೈಟ್ ಕಲ್ಲು. ಕಲ್ಲಿನ ಮೇಲೆ ಕಲ್ಲು, ಅಷ್ಟೇ. ಗಾರೆ ಇಲ್ಲ, ಸುಣ್ಣ ಇಲ್ಲ, ಒಂದು ಹಿಡಿ ಮಣ್ಣೂ ಇಲ್ಲ! ಒಳಗೆ ಸುಮಾರು ಹತ್ತು ಮೀಟರ್ ಎತ್ತರದ ಒಂದು ಗೋಪುರ ಇದೆ, ಮೇಲೆ ಹೋದಂತೆ ಸಣ್ಣಗಾಗುವ, ಕಣಜದ ಆಕಾರದ ಗೋಪುರ. ಒಳಗೇನೋ ನಿಧಿ ಇದೆ ಅಂತ ಬಂದವರೆಲ್ಲ ಅದನ್ನು ಕೆದಕಿ ನೋಡಿದರು. ಒಳಗೂ ಕಲ್ಲೇ. ಪೂರ್ತಿ ಗಟ್ಟಿ.

ಅಷ್ಟು ಕಲ್ಲು ಎಲ್ಲಿಂದ ಬಂತು? ಅಲ್ಲೇ ಸುತ್ತಲ ಗುಡ್ಡಗಳಿಂದ. ಹಗಲಿನ ಕಾವಿಗೆ, ರಾತ್ರಿಯ ತಂಪಿಗೆ ಗ್ರಾನೈಟ್ ಬಂಡೆಯ ಮೇಲ್ಪದರ ಈರುಳ್ಳಿ ಸಿಪ್ಪೆಯ ಹಾಗೆ ತಾನಾಗೇ ಬಿಟ್ಟುಕೊಳ್ಳುತ್ತೆ. ಬೇಗ ಬೇಕು ಅಂದರೆ ಬಂಡೆಯ ಮೇಲೆ ಬೆಂಕಿ ಹಾಕಿ, ಕಾದ ಮೇಲೆ ನೀರು ಸುರಿಯೋದು. ಕೋಲಾರದ ಕಡೆ ಚಪ್ಪಡಿ ತೆಗೆಯುವವರು ಬಂಡೆ ಸುಟ್ಟು ಸೀಳುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಅದನ್ನು ಇಟ್ಟಿಗೆ ಗಾತ್ರಕ್ಕೆ ಒಡೆದು ಸಾಲಾಗಿ ಪೇರಿಸುತ್ತಾ ಹೋಗಿದ್ದಾರೆ. ಹಳೇ ಗೋಡೆಗಳಲ್ಲಿ ಸಾಲು ಸ್ವಲ್ಪ ಅಂಕುಡೊಂಕು. ಕೈ ಪಳಗಿದ ಮೇಲೆ ಕಟ್ಟಿದ ಗೋಡೆಗಳಲ್ಲಿ ದಾರ ಹಿಡಿದಂತೆ ನೇರ. ಶೋನಾ ಭಾಷೆಯಲ್ಲಿ "ಜಿಂಬಾ ಜಾ ಮಾಬ್ವೆ" ಅಂದರೆ ಕಲ್ಲಿನ ಮನೆಗಳು. ದೇಶದ ಹೆಸರು ಬಂದದ್ದು ಅಲ್ಲಿಂದ.

ಊರಿಗೆ ದುಡ್ಡು ಬಂದದ್ದು ದನದಿಂದ ಮತ್ತು ಚಿನ್ನದಿಂದ. ಒಳನಾಡಿನ ಚಿನ್ನ ಇವರ ಕೈ ದಾಟಿ ಕಡಲತೀರದ ಸೋಫಾಲ ಬಂದರಿಗೆ, ಅಲ್ಲಿಂದ ಕಿಲ್ವಾಕ್ಕೆ, ಅಲ್ಲಿಂದ ಹಿಂದೂ ಮಹಾಸಾಗರದ ಉದ್ದಗಲಕ್ಕೂ ಹೋಗುತ್ತಿತ್ತು. ಬದಲಿಗೆ ಬರುತ್ತಿದ್ದದ್ದು ಚೀನಾದ ಪಿಂಗಾಣಿ, ಪರ್ಷಿಯಾದ ಬಟ್ಟಲು, ಭಾರತದ ಬಟ್ಟೆ ಮತ್ತು ಗಾಜಿನ ಮಣಿ. ಆ ಮಣಿಗಳು ಇವತ್ತಿಗೂ ಅಲ್ಲಿನ ಮಣ್ಣಿನಲ್ಲಿ ಸಿಗುತ್ತವೆ. ಊರಿನಲ್ಲಿ ಎಷ್ಟು ಜನ ಇದ್ದರು ಅನ್ನೋದರ ಬಗ್ಗೆ ಪಂಡಿತರಲ್ಲಿ ಜಗಳ ಇದೆ. 18,000 ಅಂದವರಿದ್ದಾರೆ, ಹತ್ತು ಸಾವಿರ ದಾಟಿರಲಿಕ್ಕಿಲ್ಲ ಅಂದವರೂ ಇದ್ದಾರೆ. 1450ರ ಸುಮಾರಿಗೆ ಊರು ಬರಿದಾಯಿತು. ಮೇವು ಮುಗೀತು, ಕಟ್ಟಿಗೆ ಮುಗೀತು, ವ್ಯಾಪಾರದ ದಾರಿ ಬದಲಾಯಿತು ಅಂತ ನಾನಾ ಕಾರಣ ಹೇಳ್ತಾರೆ. ಉಪ್ಪು ಹುಡುಕಿಕೊಂಡು ರಾಜಮನೆತನ ಉತ್ತರಕ್ಕೆ ಹೋಯಿತು ಅಂತ ಅಲ್ಲಿನ ಹಿರಿಯರ ಬಾಯಿಮಾತಿನ ಕಥೆ.

ಒಂದು ಮಾತು ಇಲ್ಲಿ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಜನ ವಾಸ ಇದ್ದದ್ದು ಕಲ್ಲಿನಲ್ಲಿ ಅಲ್ಲ. ಕಲ್ಲಿನ ಗೋಡೆ ಬರೀ ಪೌಳಿ, ಮರೆ, ಗತ್ತು. ಅದರೊಳಗೆ ಮಣ್ಣು ಮೆತ್ತಿ, ಹುಲ್ಲು ಹೊದಿಸಿದ ದುಂಡು ಮನೆಗಳಿದ್ದವು. ಒಲೆ, ಕಟ್ಟೆ, ನೆಲ ಎಲ್ಲವೂ ಮಣ್ಣಿನದು. ಒಂದು ತಲೆಮಾರಿನ ಮನೆ ಬಿದ್ದರೆ ಅದರ ಮೇಲೇ ಇನ್ನೊಂದು ತಲೆಮಾರಿನ ನೆಲ. ಹಾಗೆ ಪದರದ ಮೇಲೆ ಪದರ.

ನಿಮ್ಮ ಮನೆ ಮೂಲೆಯಲ್ಲಿ ಹಳೇ ಪೇಪರ್ ಪೇರಿಸಿ ಇಡ್ತೀರಲ್ಲ, ಹಾಗೆ. ಕೆಳಗಿರೋದು ಹಳೇದು, ಮೇಲಿರೋದು ಹೊಸದು. ಯಾವತ್ತು ಏನಾಯ್ತು ಅಂತ ಆ ಕಟ್ಟನ್ನು ಕ್ರಮವಾಗಿ ಬಿಚ್ಚಿ ಹೇಳಬಹುದು. ಆದರೆ ಯಾರೋ ಬಂದು ಕಟ್ಟನ್ನೇ ಎತ್ತಿ ಗುಜರಿಗೆ ಹಾಕಿಬಿಟ್ಟರೆ? ಹಾಕಿದರು. ಅದೇ ಈ ಕಥೆ.

ಈ ಊರಿನ ಸುದ್ದಿ ಪೋರ್ಚುಗೀಸರಿಗೆ 16ನೇ ಶತಮಾನದಲ್ಲೇ ಸಿಕ್ಕಿತ್ತು. ಗಾರೆಯಿಲ್ಲದೆ ಕಟ್ಟಿದ ಕಲ್ಲಿನ ಕೋಟೆ ಒಳನಾಡಿನಲ್ಲಿದೆ ಅಂತ ಸೋಫಾಲದಲ್ಲಿದ್ದ ಕ್ಯಾಪ್ಟನ್ 1531ರಲ್ಲೇ ಬರೆದಿದ್ದ. ಆಮೇಲೆ ಯುರೋಪಿನವರ ಕಾಲು ಗಟ್ಟಿಯಾಗಿ ಬಿದ್ದದ್ದು 1871ರಲ್ಲಿ. ಕಾರ್ಲ್ ಮೌಖ್ ಅಂತ ಒಬ್ಬ ಜರ್ಮನ್ ಭೂವಿಜ್ಞಾನಿ. ಅವನು ಬಂದವನೇ ಒಂದು ಬಾಗಿಲಿನ ಮರದ ತೊಲೆಯಿಂದ ಚೂರು ಕಿತ್ತ, ಮೂಸಿದ, ತನ್ನ ಪೆನ್ಸಿಲಿನ ಮರಕ್ಕೆ ಹೋಲಿಸಿದ. ಪೆನ್ಸಿಲು ಸೀಡರ್ ಮರದ್ದು. ಇದೂ ಹಾಗೇ ಇದೆ, ಹಾಗಾದ್ರೆ ಇದೂ ಸೀಡರ್. ಸೀಡರ್ ಬೆಳೆಯೋದು ಲೆಬನಾನಿನಲ್ಲಿ. ಲೆಬನಾನಿನ ಮರ ತರಿಸಿದವನು ಬೈಬಲ್ಲಿನ ಸೊಲೊಮನ್ ರಾಜ. ಆದ್ದರಿಂದ ಇದು ಶೀಬಾ ರಾಣಿಯ ಅರಮನೆ! ಒಂದು ಪೆನ್ಸಿಲು ಹಿಡ್ಕೊಂಡು ಎಲ್ಲಿಂದ ಎಲ್ಲಿಗೆ ಹೋದ ನೋಡಿ. ಆ ಮರ ಅಲ್ಲೇ ಸುತ್ತಮುತ್ತ ಬೆಳೆಯುವ ತಂಬೂಟಿ ಅನ್ನೋ ಗಟ್ಟಿ ಮರ ಅಂತ ಆಮೇಲೆ ಗೊತ್ತಾಯಿತು. ಅಷ್ಟು ಹೊತ್ತಿಗೆ ಶೀಬಾ ರಾಣಿ ಯುರೋಪಿನ ಪತ್ರಿಕೆಗಳಲ್ಲಿ ಕೂತಾಗಿತ್ತು.

ಇದು ಬರೀ ದಡ್ಡತನ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. 1890ರಲ್ಲಿ ಸೆಸಿಲ್ ರೋಡ್ಸ್‌ನ ಬ್ರಿಟಿಷ್ ಸೌತ್ ಆಫ್ರಿಕಾ ಕಂಪನಿ ಆ ನೆಲವನ್ನು ಹಿಡಿಯಿತು. ಮುಂದೆ ನೆಲಕ್ಕೆ ರೋಡೇಷಿಯಾ ಅಂತ ಅವನ ಹೆಸರೇ ಬಂತು. ಈಗ ಯೋಚನೆ ಮಾಡಿ, ಆ ಕಂಪನಿಗೆ ಯಾವ ಚರಿತ್ರೆ ಬೇಕಿತ್ತು? "ಇಲ್ಲಿಯ ಕಪ್ಪು ಜನ ಇಂಥದ್ದೊಂದು ನಗರ ಕಟ್ಟಿ ಆಳಿದ್ದರು" ಅನ್ನೋದಾ? ಅಥವಾ "ಸಾವಿರಾರು ವರ್ಷದ ಹಿಂದೆ ಹೊರಗಿನ ನಾಗರಿಕರು ಬಂದು ಕಟ್ಟಿದ್ದರು, ಈಗ ನಾವು ಮತ್ತೆ ಬಂದಿದ್ದೇವೆ" ಅನ್ನೋದಾ? ಎರಡನೆಯದು ಆದರೆ ನೆಲ ಕಿತ್ತುಕೊಂಡದ್ದು ಕಳ್ಳತನ ಆಗೋದಿಲ್ಲ, ವಾಪಸ್ ಬಂದ ಹಾಗೆ ಆಗುತ್ತೆ.

1891ರಲ್ಲಿ ಥಿಯೋಡೋರ್ ಬೆಂಟ್ ಅನ್ನುವವನನ್ನು ಕಂಪನಿಯ ನೆರವಿನಿಂದ ಅಗೆಯೋಕೆ ಕಳಿಸಿದರು. ಅವನಿಗೆ ಸಿಕ್ಕಿದ್ದೆಲ್ಲ ಸ್ಥಳೀಯರ ಮಡಕೆ, ಸ್ಥಳೀಯರ ಕಬ್ಬಿಣದ ಸಾಮಾನು. ಆದರೂ ಪುಸ್ತಕದಲ್ಲಿ ಬರೆದದ್ದು ಮಾತ್ರ ಕಟ್ಟಿದವರು ಹೊರಗಿನಿಂದ ಬಂದವರು ಅಂತ. 1895ರಲ್ಲಿ ಇನ್ನೊಂದು ಕಂಪನಿ ಹುಟ್ಟಿತು, ಹೆಸರು ಕೇಳಿ: ಏನ್ಶಿಯಂಟ್ ರೂಯಿನ್ಸ್ ಕಂಪನಿ. ಪುರಾತನ ಪಾಳುಗಳ ಕಂಪನಿ! ಕೆಲಸ ಏನು? ಆ ನಾಡಿನ ಉಳಿದ ಕಲ್ಲಿನ ಊರುಗಳನ್ನು ಅಗೆದು ಸಮಾಧಿಗಳಿಂದ ಚಿನ್ನದ ಒಡವೆ ತೆಗೆಯೋದು, ಕರಗಿಸೋದು, ಮಾರೋದು. ಲೈಸೆನ್ಸ್ ಪಡೆದು ಮಾಡಿದ ಲೂಟಿ ಅದು. ಐದು ವರ್ಷ ನಡೀತು.

ಕಥೆಯ ಮುಖ್ಯ ಪಾತ್ರ ಬರೋದು ಇನ್ನು ಮೇಲೆ. 1902. ಕಲ್ಲಿನ ಊರು ಹಾಳಾಗುತ್ತಿದೆ, ಅದನ್ನು ಕಾಪಾಡಬೇಕು ಅಂತ ಒಬ್ಬ ಕ್ಯುರೇಟರ್‌ನನ್ನು, ಅಂದರೆ ಮೇಲ್ವಿಚಾರಕನನ್ನು ನೇಮಕ ಮಾಡಿದರು. ರಿಚರ್ಡ್ ನಿಕ್ಲಿನ್ ಹಾಲ್. ವೃತ್ತಿಯಿಂದ ಪತ್ರಕರ್ತ. ನಮ್ಮವನೇ! ಲೂಟಿ ಕಂಪನಿಯಲ್ಲಿದ್ದ ನೀಲ್ ಅನ್ನುವವನ ಜೊತೆ ಸೇರಿ ಆ ವರ್ಷವೇ ಪುಸ್ತಕವನ್ನೂ ಬರೆದಿದ್ದ. ಅವನಿಗೆ ಕೊಟ್ಟ ಕೆಲಸ ಸ್ಪಷ್ಟವಾಗಿತ್ತು: ಗಿಡಗಂಟಿ ತೆಗೆಸು, ಕಟ್ಟಡ ಕಾಪಾಡು. ಉತ್ಖನನ ನಿನ್ನ ಕೆಲಸ ಅಲ್ಲ.

ಹಾಲ್ ಏನು ಮಾಡಿದ? ಆಳುಗಳನ್ನು ಇಟ್ಟು, ಸಲಿಕೆ, ಗಾಡಿ ತರಿಸಿ, ಸುಮಾರು ಎರಡು ವರ್ಷ ಮಣ್ಣು ತೆಗೆಸಿದ. ಅಡಿಗಟ್ಟಲೆ ಮಣ್ಣು. ಕೆಲವು ಕಡೆ ಆಳೆತ್ತರ. ಅವನ ಲೆಕ್ಕದಲ್ಲಿ ಕೆಳಗೆಲ್ಲೋ ಶೀಬಾ ರಾಣಿಯ ಕಾಲದ, ಫಿನೀಷಿಯನ್ನರ ಕಾಲದ ನೆಲ ಇದೆ. ಮೇಲಿರೋದು ಆಮೇಲೆ ಬಂದು ಸೇರಿಕೊಂಡ ಕಪ್ಪು ಜನರ ಕಸ. ಕಸ ಗುಡಿಸಿದರೆ ಚರಿತ್ರೆ ಕಾಣುತ್ತೆ!

ಆ ಕಸವೇ ಚರಿತ್ರೆಯಾಗಿತ್ತು. ಅವನು ಗಾಡಿಗಟ್ಟಲೆ ಹೊರಗೆ ಸುರಿಸಿದ್ದು ಆ ಊರಿನವರ ಮನೆಗಳನ್ನು. ಮುನ್ನೂರು ವರ್ಷಗಳ ಒಲೆ, ಮಡಕೆ, ಮಣ್ಣಿನ ನೆಲ, ಮಗುವಿನ ಕೊರಳಿನ ಮಣಿ. ಯಾವುದು ಯಾವ ಪದರದಲ್ಲಿತ್ತು, ಯಾವುದರ ಪಕ್ಕ ಯಾವುದಿತ್ತು ಅನ್ನುವ ಲೆಕ್ಕವೇ ಇಲ್ಲ. ಕೊನೆಗೆ ಅವನ ಕೆಳಗಿನ ನೆಲದಲ್ಲಿ ಫಿನೀಷಿಯನ್ನರೂ ಸಿಗಲಿಲ್ಲ, ರಾಣಿಯೂ ಸಿಗಲಿಲ್ಲ. ಅಗೆತದ ಸುದ್ದಿ ಕೇಳಿದ ವಿದ್ವಾಂಸರು ಬಾಯಿ ಬಡ್ಕೊಂಡರು. 1904ರಲ್ಲಿ ಅವನನ್ನು ಕೆಲಸದಿಂದ ಕಳಿಸಿದರು. ಅಷ್ಟು ಹೊತ್ತಿಗೆ ಮಹಾ ಆವರಣದ ಒಳಗೆ ಹೆಚ್ಚುಕಮ್ಮಿ ಬರೀ ಕಲ್ಲು ಉಳಿದಿತ್ತು. ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದಕ್ಕಿಂತ ಇನ್ನೇನು ಬೇಕು ಸ್ವಾಮಿ?

ನಮ್ಮ ಹುಡುಗ ತಂದ ಫೋಟೋಗಳನ್ನು ನೋಡುವಾಗ ನನಗೂ ಮೊದಲು ಅನ್ನಿಸಿದ್ದು, "ಇಷ್ಟು ದೊಡ್ಡ ಗೋಡೆ ಕಟ್ಟಿ ಒಳಗೇನೂ ಕಟ್ಟಲಿಲ್ವಾ ಇವರು?" ಅಂತ. ಅದು ಖಾಲಿಯಾಗಿ ಕಾಣುವುದಕ್ಕೆ ಕಾರಣ ಕಟ್ಟಿದವರಲ್ಲ. ಗುಡಿಸಿದವರು.

ಹಾಲ್ ಹೋದ ಮರುವರ್ಷ, 1905ರಲ್ಲಿ, ಡೇವಿಡ್ ರಾಂಡಲ್-ಮ್ಯಾಕಿವರ್ ಬಂದ. ಈಜಿಪ್ಟಿನಲ್ಲಿ ಕೆಲಸ ಕಲಿತಿದ್ದ ನಿಜವಾದ ಪುರಾತತ್ತ್ವಜ್ಞ. ಸಲಿಕೆ ಮುಟ್ಟದೆ ಉಳಿದಿದ್ದ ಜಾಗ ಹುಡುಕಿ ಅಗೆದ. ಸಿಕ್ಕಿದ ಪರದೇಶದ ಪಿಂಗಾಣಿ ಚೂರುಗಳ ಕಾಲ ನೋಡಿದ. ಊರು ಮಧ್ಯಯುಗದ್ದು, ಕಟ್ಟಿದವರು ಆಫ್ರಿಕನ್ನರೇ, ಅಂತ ಬರೆದ. ರೋಡೇಷಿಯಾದ ಬಿಳಿಯರಿಗೆ ಮೈಯೆಲ್ಲ ಉರಿದುಹೋಯಿತು. ಹಾಲ್ ಅವನ ವಿರುದ್ಧ 1909ರಲ್ಲಿ ಇಷ್ಟು ದಪ್ಪ ಪುಸ್ತಕ ಬರೆದ.

1929ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಜಗಳ ಬಗೆಹರಿಸೋಕೆ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಎಂಬ ಮಹಿಳೆಯನ್ನು ಕಳಿಸಿತು. ಜೊತೆಗೆ ಇನ್ನಿಬ್ಬರು ಹೆಣ್ಣುಮಕ್ಕಳು. ಅದರಲ್ಲಿ ಒಬ್ಬಳು ಕ್ಯಾಥ್ಲೀನ್ ಕೆನ್ಯನ್, ಮುಂದೆ ಜೆರಿಕೊ ಅಗೆದು ಹೆಸರಾದವಳು. ಗೋಪುರದ ಬುಡಕ್ಕೇ ಸುರಂಗ ತೋಡಿ, ಪದರ ಪದರವಾಗಿ ಲೆಕ್ಕ ಇಟ್ಟು, ಆ ಹೆಂಗಸು ತೀರ್ಪು ಕೊಟ್ಟಳು: ಕಟ್ಟಿದವರು ಇಲ್ಲಿಯವರೇ. ಹೊರಗಿನವರು ಅನ್ನೋದಕ್ಕೆ ಒಂದೇ ಒಂದು ಪುರಾವೆ ಇಲ್ಲ. ದಕ್ಷಿಣ ಆಫ್ರಿಕಾದಲ್ಲಿ ಆ ವರದಿ ಓದಿದ ಸಭೆಯಲ್ಲಿ ಗಲಾಟೆ ಆಯಿತು. ಎದ್ದು ಕೂಗಾಡಿದವರಲ್ಲಿ ರೇಮಂಡ್ ಡಾರ್ಟ್ ಕೂಡ ಒಬ್ಬ. ಯಾರು ಈ ಡಾರ್ಟ್? ಟೌಂಗ್ ಮಗುವಿನ ತಲೆಬುರುಡೆಯನ್ನು 1925ರಲ್ಲಿ ಜಗತ್ತಿಗೆ ತೋರಿಸಿ, ಮನುಷ್ಯಕುಲದ ತೊಟ್ಟಿಲು ಆಫ್ರಿಕಾ ಅಂತ ವಾದಿಸಿದ ಮಹಾ ವಿಜ್ಞಾನಿ! ಮನುಷ್ಯ ಹುಟ್ಟಿದ್ದು ಆಫ್ರಿಕಾದಲ್ಲಿ ಅಂತ ಒಪ್ಪಬಲ್ಲ. ಆಫ್ರಿಕಾದವನು ಒಂದು ಗೋಡೆ ಕಟ್ಟಿದ ಅಂತ ಒಪ್ಪಲಾರ. ಓದಿದವರ ಪಾಡೇ ಹೀಗಾದರೆ!

1958ರಲ್ಲಿ ಮತ್ತೆ ಅಗೆದರು, ರೇಡಿಯೊ ಕಾರ್ಬನ್ ಪರೀಕ್ಷೆಯೂ ಬಂತು. ಕಥೆ ಅಲ್ಲಿಗೆ ಮುಗೀಬೇಕಿತ್ತು, ಮುಗೀಲಿಲ್ಲ. 1965ರಲ್ಲಿ ಇಯಾನ್ ಸ್ಮಿತ್‌ನ ಬಿಳಿಯರ ಸರ್ಕಾರ ತಾನೇ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಪ್ರವಾಸಿಗರ ಕೈಪಿಡಿಯಲ್ಲಿ, ಮ್ಯೂಸಿಯಂ ಫಲಕದಲ್ಲಿ, ಇದನ್ನು ಆಫ್ರಿಕನ್ನರು ಕಟ್ಟಿದರು ಅಂತ ಖಡಾಖಂಡಿತ ಬರೀಬೇಡಿ ಅಂತ ಒತ್ತಡ ಬಂತು. "ಹೀಗೂ ಹೇಳ್ತಾರೆ, ಹಾಗೂ ಹೇಳ್ತಾರೆ" ಅಂತ ಬರೆಯಿರಿ. ಸ್ಮಾರಕಗಳ ಹಿರಿಯ ಇನ್‌ಸ್ಪೆಕ್ಟರ್ ಆಗಿದ್ದ ಪೀಟರ್ ಗಾರ್ಲೇಕ್, ಸ್ವತಃ ಬಿಳಿಯ, ಅದಕ್ಕೆ ಒಪ್ಪದೆ 1970ರಲ್ಲಿ ಕೆಲಸ ಬಿಟ್ಟು ದೇಶ ಬಿಟ್ಟ. 1973ರಲ್ಲಿ ಅವನು ಹೊರಗಿದ್ದುಕೊಂಡೇ ತಂದ ಪುಸ್ತಕವನ್ನು ಇವತ್ತಿಗೂ ಓದ್ತಾರೆ.

ಹೀಗೂ ಹೇಳ್ತಾರೆ, ಹಾಗೂ ಹೇಳ್ತಾರೆ. ನಮ್ಮ ಸ್ಟುಡಿಯೋದಲ್ಲಿ ನಾವು ದಿನಾ ಮಾಡೋದು ಅದೇ ಅಲ್ವಾ? ಪುರಾವೆ ಇರುವವನನ್ನು ಒಂದು ಕಿಟಕಿಯಲ್ಲಿ, ಬಾಯಿ ಇರುವವನನ್ನು ಇನ್ನೊಂದು ಕಿಟಕಿಯಲ್ಲಿ ಕೂರಿಸಿ, ಸಮಯ ಸಮ ಹಂಚಿ, ಸಮತೋಲನ ಅಂತ ಕರೀತೀವಿ. ಹುಡುಗನ ಪ್ರೋಮೋದಿಂದ "ನಿಗೂಢ" ಅನ್ನೋ ಪದವನ್ನು, ಆ ಪ್ರಶ್ನಾರ್ಥಕ ಚಿಹ್ನೆಯನ್ನು ನಾನೇ ಹೊಡೆದು ಹಾಕಿದೆ. ಅವತ್ತಿನ ಟಿಆರ್‌ಪಿ ಕೇಳಬೇಡಿ.

1980ರ ಏಪ್ರಿಲ್ 18ರಂದು ದೇಶ ಸ್ವತಂತ್ರ ಆಯಿತು, ರೋಡ್ಸ್‌ನ ಹೆಸರು ಹೋಗಿ ಕಲ್ಲಿನ ಮನೆಗಳ ಹೆಸರು ಬಂತು. ಆ ತಾರೀಕು ಮುಂದೆ ವಿಶ್ವ ಪರಂಪರೆ ದಿನವೂ ಆದದ್ದು ಬರೀ ಕಾಕತಾಳೀಯ. ಆದರೆ ಊರಿನ ಗೋಡೆಗಳಿಗೆ ಸ್ವಾತಂತ್ರ್ಯ ಗೊತ್ತಾಗೋದಿಲ್ಲವಲ್ಲ. ಗಾರೆಯಿಲ್ಲದ ಗೋಡೆಯನ್ನು ಉಳಿಸುವುದು ಬಲು ಕಷ್ಟದ ಕೆಲಸ. ಮಳೆನೀರು ಒಳಗಿಳಿದರೆ ಒಳಗಿನ ಕಲ್ಲು ಕುಸಿಯುತ್ತೆ, ಹೊರಮೈ ಉಬ್ಬುತ್ತೆ. ನಮ್ಮ ಗಾರೆ ಕೆಲಸದವರು ಗೋಡೆ ಹೊಟ್ಟೆ ಬಿಟ್ಟಿದೆ ಅಂತಾರಲ್ಲ, ಅದೇ. ಹೊಟ್ಟೆ ಬಿಟ್ಟ ಗೋಡೆ ಇವತ್ತಲ್ಲ ನಾಳೆ ಜರಿಯುತ್ತೆ. ಹಾಲ್ ಬುಡದ ಮಣ್ಣು ತೆಗೆಸಿದ ಕಡೆ ಗೋಡೆಗೆ ಆಸರೆಯೂ ತಪ್ಪಿತು, ನೀರು ಹರಿಯುವ ದಾರಿಯೂ ಕೆಟ್ಟಿತು. ಅದರ ಮೇಲೆ ಮರದ ಬೇರು, ಗೋಡೆ ಹತ್ತುವ ಪ್ರವಾಸಿಗರು, ಎಲ್ಲೆಂದರಲ್ಲಿ ನುಗ್ಗುವ ಲಂಟಾನ. ಬಂಡೀಪುರದಲ್ಲಿ ನಮ್ಮ ಕಾಡು ತಿಂತಿರೋ ಅದೇ ಲಂಟಾನ, ಅಲ್ಲೂ ಹೊರಗಿನಿಂದ ಬಂದದ್ದೇ.

ಈಗಿನ ವಿಧಾನ ಏನು? ಗೋಡೆ ಎಷ್ಟು ಸರಿಯಿತು ಅಂತ ಮೊದಲು ಅಳೀತಾರೆ. ತೀರಾ ಅಪಾಯ ಅನ್ನಿಸಿದರೆ ಫೋಟೋ ತೆಗೆದು, ಒಂದೊಂದು ಕಲ್ಲಿಗೂ ನಂಬರ್ ಬರೆದು, ಗೋಡೆ ಬಿಚ್ಚಿ, ಅದೇ ಕಲ್ಲು ಅದೇ ಜಾಗಕ್ಕೆ ಬರುವಂತೆ ಕಟ್ಟುತ್ತಾರೆ. ಕಟ್ಟುವವರು ಸುತ್ತಲಿನ ಹಳ್ಳಿಗಳ ಕಲ್ಲುಕುಟಿಗರು. ಅದಕ್ಕೊಂದು ಅಂತರರಾಷ್ಟ್ರೀಯ ನಿಯಮವೂ ಇದೆ, 1964ರ ವೆನಿಸ್ ಸನ್ನದಿನಲ್ಲಿ: ಊಹೆ ಶುರುವಾದ ಕಡೆ ರಿಪೇರಿ ನಿಲ್ಲಬೇಕು. ಮೊದಲು ಹೇಗಿತ್ತು ಅಂತ ದಾಖಲೆ ಇಲ್ಲದಿದ್ದರೆ ಬಿದ್ದ ಗೋಡೆಯನ್ನು ಮನಸ್ಸಿಗೆ ಬಂದಂತೆ ಎತ್ತಿ ನಿಲ್ಲಿಸುವ ಹಾಗಿಲ್ಲ. ಹಿಂದೆ ಹಾಗೆ ನಿಲ್ಲಿಸಿದ್ದಕ್ಕೇ ಇವತ್ತು ಪ್ರವಾಸಿಗರು ಫೋಟೋ ಹೊಡೆಸಿಕೊಳ್ಳುವ ಮಹಾ ಆವರಣದ ಬಾಗಿಲುಗಳು ತಪ್ಪಾಗಿವೆ. ಮೂಲದಲ್ಲಿ ಮೇಲೆ ಮರದ ತೊಲೆ ಹಾಸಿ, ತೊಲೆಯ ಮೇಲೆ ಗೋಡೆ ಮುಂದುವರಿದಿತ್ತು. 20ನೇ ಶತಮಾನದ ಆರಂಭದಲ್ಲಿ ಮತ್ತೆ ಕಟ್ಟಿದವರು ಮೇಲಿನವರೆಗೂ ಬಾಯಿ ತೆರೆದು ಬಿಟ್ಟರು.

ಕಲ್ಲಿನ ಮಾತು ಹಾಗಿರಲಿ, ಜನರ ಮಾತು? ಮೌಖ್ ಬಂದಾಗ, ಬೆಂಟ್ ಬಂದಾಗ ಆ ಗುಡ್ಡದಲ್ಲಿ, ಸುತ್ತಮುತ್ತ ಜನ ಬಾಳುತ್ತಿದ್ದರು. ಮುಗಾಬೆ ಅನ್ನೋ ಕುಲದವರು (ಇದು ರಾಬರ್ಟ್ ಮುಗಾಬೆಯ ಸಂಸಾರ ಅಲ್ಲ, ಹೆಸರು ಒಂದೇ), ನೆಮಾನ್ವಾ ಕುಲದವರು, ಚಾರುಂಬಿರಾ ಕುಲದವರು. ಗುಡ್ಡ ಅವರಿಗೆ ಹಿರಿಯರ ಜಾಗ. ಮಳೆ ಬೇಡುವ ಜಾಗ. ಸ್ಮಾರಕ ಅಂತ ಘೋಷಣೆಯಾಗಿ ಬೇಲಿ ಬಿದ್ದ ಮೇಲೆ ಅವರು ಹೊರಗಾದರು. ಪೂಜೆಗೆ ಹೋಗಬೇಕು ಅಂದರೂ ಅಪ್ಪಣೆ ಬೇಕು. ಚಿಸಿಕಾನಾ ಅನ್ನುವ ಅವರ ಪವಿತ್ರ ನೀರಿನ ಚಿಲುಮೆಯೊಂದು ಆಡಳಿತದವರ ಕಾಮಗಾರಿಯಲ್ಲಿ ಮುಚ್ಚಿಹೋಗಿತ್ತು. ಅದನ್ನು ಮತ್ತೆ ತೆರೆದು ಹಿರಿಯರನ್ನು ಕರೆಸಿ ಶಾಸ್ತ್ರ ಮಾಡಿಸಿದ್ದು 2000ದಲ್ಲಿ, ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷದ ಮೇಲೆ. ಬೇಲಿ ಹಾಕಿದವರು ಬದಲಾಗಿದ್ದರು, ಬೇಲಿ ಬದಲಾಗಿರಲಿಲ್ಲ.

ಇದನ್ನು ಓದುವಾಗ ನನಗೆ 2011 ನೆನಪಾಯಿತು. ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರನ್ನು ಎಬ್ಬಿಸಿದ ವರ್ಷ. ಅವತ್ತು ಸ್ಟುಡಿಯೋದಲ್ಲಿ ಕೂತು "ಸ್ಮಾರಕ ಮೊದಲು" ಅಂತ ಗಂಟಲು ಹರಿಯುವಂತೆ ಹೇಳಿದವನು ನಾನೇ. ಮಂಟಪಗಳಿಗೆ ಹಾನಿ ಆಗುತ್ತಿತ್ತು ಅನ್ನೋದು ಸುಳ್ಳಲ್ಲ. ಆದರೆ ಎದ್ದು ಹೋದವರ ಮುಂದೆ ಒಂದು ಮೈಕು ಹಿಡೀಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಆ ವಾದದಲ್ಲಿ ನಾನು ಎಷ್ಟು ಸರಿ, ಎಷ್ಟು ತಪ್ಪು ಅನ್ನೋದು ಇವತ್ತಿಗೂ ನನಗೆ ತೀರ್ಮಾನ ಆಗಿಲ್ಲ.

ಹಕ್ಕಿಗಳ ಕಥೆ ಬಾಕಿ ಇದೆ. ಗುಡ್ಡದ ಮೇಲೆ ಎತ್ತರದ ಕಂಬಗಳ ತುದಿಯಲ್ಲಿ ಕೂತಿದ್ದ ಎಂಟು ಹಕ್ಕಿಗಳು, ಬಳಪದ ಕಲ್ಲಿನಲ್ಲಿ ಕೆತ್ತಿದವು. ನಮ್ಮ ಹೊಯ್ಸಳ ಶಿಲ್ಪಿಗಳು ಕೈಯಾಡಿಸಿದ್ದೂ ಬಳಪದ ಕಲ್ಲಿನಲ್ಲೇ. ಒಂದನ್ನು 1889ರಲ್ಲಿ ವಿಲ್ಲಿ ಪೊಸೆಲ್ಟ್ ಎಂಬ ಬೇಟೆಗಾರ ಎತ್ತಿಕೊಂಡು ಹೋದ. ಅದು ಕೇಪ್‌ಟೌನಿನಲ್ಲಿ ರೋಡ್ಸ್‌ನ ಮನೆ ಸೇರಿತು. ಅವನಿಗೆ ಅದೆಷ್ಟು ಹಿಡಿಸಿತು ಅಂದರೆ ಮನೆಯ ಮೆಟ್ಟಿಲಿನ ಕಟಾಂಜನಕ್ಕೂ ಅದೇ ಹಕ್ಕಿಯನ್ನು ಮರದಲ್ಲಿ ಕೆತ್ತಿಸಿದ. ಕೆತ್ತಿದ ಜನರ ಮೇಲೆ ಮಾತ್ರ ಆ ಪ್ರೀತಿ ಬರಲಿಲ್ಲ. ಇನ್ನೂ ನಾಲ್ಕು ಹಕ್ಕಿಗಳು ಕೇಪ್‌ಟೌನಿನ ಮ್ಯೂಸಿಯಂ ಸೇರಿದವು. 1981ರಲ್ಲಿ ಆ ನಾಲ್ಕನ್ನು ದಕ್ಷಿಣ ಆಫ್ರಿಕಾ ವಾಪಸ್ ಕೊಟ್ಟಿತು. ಸುಮ್ಮನೆ ಕೊಡಲಿಲ್ಲ, ಬದಲಿಗೆ ಜಿಂಬಾಬ್ವೆಯ ಮ್ಯೂಸಿಯಂನಲ್ಲಿದ್ದ ಜೇನು, ಕಣಜ, ಇರುವೆಗಳ ಸಂಗ್ರಹವನ್ನು ತೆಗೆದುಕೊಂಡಿತು. ಒಂದು ದೇಶದ ಬಾವುಟದ ಹಕ್ಕಿಗೆ ಕೀಟಗಳ ಪೆಟ್ಟಿಗೆ! ರೋಡ್ಸ್ ಮನೆಯ ಹಕ್ಕಿ ಮಾತ್ರ ಆಗಲೂ ಬರಲಿಲ್ಲ.

ಇನ್ನೊಂದು ಹಕ್ಕಿ ಎರಡು ತುಂಡಾಗಿತ್ತು. ಮೇಲಿನ ಭಾಗ ದೇಶದಲ್ಲೇ ಉಳಿದಿತ್ತು. ಕೆಳಗಿನ ಪೀಠದ ತುಂಡು ಒಬ್ಬ ಜರ್ಮನ್ ಮಿಷನರಿಯ ಕೈಗೆ ಸಿಕ್ಕಿ, 1907ರಲ್ಲಿ ಬರ್ಲಿನ್ನಿನ ಮ್ಯೂಸಿಯಂಗೆ ಮಾರಾಟ ಆಯಿತು. ಎರಡನೇ ಮಹಾಯುದ್ಧದ ಕೊನೆಯಲ್ಲಿ ರಷ್ಯಾದ ಸೈನ್ಯ ಬರ್ಲಿನ್ನಿಗೆ ಬಂದಾಗ ಅದನ್ನು ಲೆನಿನ್‌ಗ್ರಾಡಿಗೆ ಹೊತ್ತುಕೊಂಡು ಹೋಯಿತು. ಎಷ್ಟೋ ವರ್ಷದ ಮೇಲೆ ಅದು ಜರ್ಮನಿಗೆ ವಾಪಸ್ ಬಂತು. ಜರ್ಮನಿ ಅದನ್ನು ಜಿಂಬಾಬ್ವೆಗೆ ಒಪ್ಪಿಸಿದ್ದು 2003ರಲ್ಲಿ. ಅದೂ ಕಾಗದದ ಮೇಲೆ ಶಾಶ್ವತ ಸಾಲ ಅಂತ. ಎರಡು ತುಂಡುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರು. ಕೂತುಕೊಂಡಿತು.